ಅಡಿವೆಪ್ಪ ಹವಾಲ್ದಾರರ ಹೆಸರಿನ ರಸ್ತೆ

ಬೇವಿನಗಟ್ಟಿ
ಇಸವಿ ಎರಡು ಸಾವಿರದ ಇನ್ನೂರ ಒಂಬತ್ತು, ಮರುಮಳೆ ತಿಂಗಳು, ಮೂವತ್ತಮೂರನೆಯ ದಿನ

ಸಾವಂತ್ರೆವ್ವನಿಗೆ,

ತಾರೀಖು ನೋಡಿ ಓಲೆಯನ್ನು ಬಿಸಾಡಬೇಡ. ನಮ್ಮ ಕಾಲದಲ್ಲಿ ತಿಂಗಳುಗಳನ್ನು ಮಳೆ ನೋಡಿ ಕಟ್ಟುತ್ತಾರೆ. ನಿಂತ ಮಳೆ ತಿರುಗಿ ಬರುವ ತಿಂಗಳು ಮರುಮಳೆ, ಅದು ನಿಲ್ಲುವವರೆಗೆ ದಿನ ಎಣಿಸುತ್ತಲೇ ಇರುತ್ತೇವೆ. ಇನ್ನೂ ಕೆಲವು ಮಾತುಗಳು ನಿನಗೆ ಹೊಸವು ಅನಿಸಿದರೆ ಅದಕ್ಕೆ ಕ್ಷಮೆ ಇರಲಿ. ಉಳಿದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ನಾನು ನಿಂಬೆವ್ವ, ನಿನ್ನ ಹೊಟ್ಟೆಯಿಂದ ಆರು ತಲೆ ಕೆಳಗಿನವಳು, ಹತ್ತನೆಯ ತರಗತಿಯವರೆಗೆ ಓದಿದವಳು. ಸಂಬಂಧದಲ್ಲಿ ನೀನು ಹಿರಿಯಳು. ಆದರೆ ನೀನು ರಸ್ತೆಯ ಮೇಲೆ ಕೂತ ದಿನ ನಿನಗೆ ಐವತ್ತು ದಾಟಿತ್ತಷ್ಟೆ, ನನಗೀಗ ಎಪ್ಪತ್ತು ಸಮೀಪಿಸಿದೆ. ಆದ್ದರಿಂದ ಬೈಯುವ ಹಕ್ಕು ನನಗಿದೆ. ಕಾಲವನ್ನು ಹಿಮ್ಮೆಟ್ಟಿ ಓಲೆ ಒಯ್ಯುವ ಹಿಂದಂಚೆಯವರು ಮನೆಗೊಂದೇ ಓಲೆ ತೆಗೆದುಕೊಳ್ಳುತ್ತಾರೆ. ಕೆಲವರು ಹೊಲ ಮಾರಬೇಡಿ ಎಂದು ಬರೆಯುತ್ತಾರೆ, ಕೆಲವರು ಆ ಮನೆಗೆ ಹೆಣ್ಣು ಕೊಡಬೇಡಿ ಎಂದು. ನಮ್ಮ ಮನೆಯ ಒಂದು ಓಲೆಯನ್ನು ನಾನು ನಿನಗೆ ಖರ್ಚು ಮಾಡುತ್ತಿದ್ದೇನೆ, ನೀನು ರಸ್ತೆಯ ಮೇಲೆ ಕೂರುವ ಹಿಂದಿನ ರಾತ್ರಿ ಅದು ನಿನ್ನ ಕೈ ಸೇರುತ್ತದೆ.

ಹೆದ್ದಾರಿ ಇನ್ನೂ ಇದೆ. ನೀನು ಕಂಡಂತೆಯೇ ಊರು ಈ ಬದಿ, ಹೊಲ, ಶಾಲೆ, ಕುಡಿಯುವ ನೀರಿನ ತೊಟ್ಟಿ ಆ ಬದಿ. ಲಾರಿಗಳು ಹೋದವು, ಅವುಗಳ ಜಾಗದಲ್ಲಿ ಸಾಲುಬಂಡಿಗಳು ಬಂದವು. ಒಂದರ ಬಾಲಕ್ಕೊಂದು ಕೊಂಡಿ ಹಾಕಿದ ಉದ್ದನೆಯ ಪೆಟ್ಟಿಗೆಗಳು. ಒಳಗೆ ಆಳಿಲ್ಲ, ಹೊರಗೆ ಸದ್ದಿಲ್ಲ. ನಿಮ್ಮ ಕಾಲದಲ್ಲಿ ಡ್ರೈವರನನ್ನು ಬೈಯಬಹುದಿತ್ತು, ಕೆಳಗಿಳಿಸಿ ಕಾಲರ್ ಹಿಡಿಯಬಹುದಿತ್ತು. ಇವುಗಳಿಗೆ ಬೈಯಲು ಒಂದು ಮುಖವೂ ಇಲ್ಲ. ಮುಂಜಾನೆ ನಾವು ಕೈಗೆ ಕೈ ಕೊಟ್ಟು, ಮಕ್ಕಳನ್ನು ನಡುವೆ ಹಾಕಿಕೊಂಡು ಅಂಚಿನಲ್ಲಿ ಸಾಲಾಗಿ ನಿಲ್ಲುತ್ತೇವೆ. ಹಿರಿಯಳೊಬ್ಬಳು ಚಪ್ಪಲಿ ಬಿಟ್ಟು, ಅಂಗಾಲನ್ನು ರಸ್ತೆಗೆ ಊರಿ, ದೂರದ ಬಂಡಿಯ ನಡುಕ ಬರುತ್ತಿದೆಯೇ ನೋಡುತ್ತಾಳೆ. ಅವಳಿಗೆ ಕಾಲುನೋಟದವಳು ಎನ್ನುತ್ತೇವೆ. ಅವಳು ತಲೆಯಾಡಿಸಿದರೆ ಎಲ್ಲರೂ ಓಟ. ಬೇಸಿಗೆಯಲ್ಲಿ ಅಂಗಾಲು ಬೊಬ್ಬೆ ಏಳುತ್ತದೆ, ಆದರೂ ಬಟ್ಟೆ ಸುತ್ತುವಂತಿಲ್ಲ. ಈ ಊರಿನ ಕಾಲುನೋಟದವಳು ನಾನು. ನನ್ನ ಕಾಲು ಒಮ್ಮೆಯೂ ತಪ್ಪಿಲ್ಲ. ಆದರೆ ನಾನು ಇಡೀ ದಿನ ಅಲ್ಲೇ ನಿಲ್ಲಲಾರೆ.

ನಿನ್ನ ಗಂಡ, ಪೊಲೀಸ್ ಹವಾಲ್ದಾರ ಅಡಿವೆಪ್ಪ, ನಿಲ್ಲುತ್ತಿದ್ದ. ಶಾಲೆಯ ಹೊತ್ತಿಗೆ ಸೀಟಿ ಊದಿ, ಕೈ ಎತ್ತಿ, ಲಾರಿಗಳನ್ನು ತಡೆದು, ಸಣ್ಣ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತಿದ್ದನಂತೆ. ನೌಕರಿ ಮುಗಿದ ಮೇಲೂ ಧೋತರದಲ್ಲೇ ಬಂದು ನಿಂತನಂತೆ. ಹೆದ್ದಾರಿಯ ಕೆಳಗಿಂದ ಎತ್ತಿನ ಗಾಡಿ ಹಿಡಿಯುವಷ್ಟು ಒಂದು ಕೆಳದಾರಿ ಕೊಡಿ ಎಂದು ಕೇಳಿ ಕೇಳಿ, ಕಾಮಾಲೆಯಾಗಿ ಹಾಸಿಗೆಯಲ್ಲಿ ತೀರಿಕೊಂಡ. ಕೈ ಎತ್ತುವವರಿಲ್ಲದೆ ಊರಿನ ಎರಡು ಕೂಸು ಹೋದವು. ಆಮೇಲೆ ನೀವೆಲ್ಲ ರಸ್ತೆಯ ಮೇಲೆ ಕೂತಿರಿ.

ಆ ದಿನದ ಚಿತ್ರವನ್ನು ಯಾರೋ ಫೋನಿನಲ್ಲಿ ತೆಗೆದಿದ್ದರು, ಮಾತೂ ಕೇಳಿಸುವ ಚಿತ್ರ, ಈಗಲೂ ಇದೆ. ನೀನು ಎಲ್ಲರಿಗಿಂತ ಮುಂದೆ, ಅವನ ಲಾಠಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೀಯ. ನಿನ್ನ ಹಿಂದೆ ಊರಿಗೆ ಊರೇ ಇದೆ, ಅದರಾಚೆ ಕಣ್ಣು ಹಾಯುವವರೆಗೂ ನಿಂತ ಲಾರಿಗಳು. ಸಾಹೇಬನೊಬ್ಬ ಬಂದು ನಿನ್ನೆದುರು ಕುಕ್ಕರಗಾಲಿನಲ್ಲಿ ಕೂತ.

“ಅವ್ವಾರ, ಕೆಳದಾರಿ ನನ್ನ ಕೈಯಾಗ ಇಲ್ರಿ. ಖರೇ ಹೇಳ್ತೀನಿ. ಆದ್ರ ನಮ್ಮ ಹವಾಲ್ದಾರ್ ಸಾಹೇಬ್ರ ಹೆಸರು ಈ ರಸ್ತೆಕ್ಕ ಇಡಸೂದು ನನ್ನ ಕೈಯಾಗ ಐತ್ರಿ. ಇಲ್ಲಿಂದ ಹಳ್ಳದ ಸೇತುವಿ ಮಟ.”

“ದೊಡ್ಡ ಬೋರ್ಡ್ ಹಾಕಸ್ತಾರಂತ ಯವ್ವಾ. ಕತ್ತಲದಾಗೂ ಹೊಳೀತೈತಂತ,” ಎಂದು ಹಿಂದಿನಿಂದ ಯಾರೋ ಹೇಳಿದರು.

ಕೂಸು ಕಳೆದುಕೊಂಡ ಹಾಲವ್ವ ಮಾತ್ರ ಅಂದಳು: “ಮೊದಲ ದಾರಿ ಮಾಡ್ರಿ. ಹೆಸರು ಏನು ಓಡಿ ಹೊಕ್ಕೈತಿ?”

ನೀನು ತಿರುಗಿ ನೋಡಿದೆ. “ನೀ ಸುಮ್ನಿರಬೇ ಹಾಲವ್ವ,” ಅಂದೆ. ಆಮೇಲೆ ಸಾಹೇಬನನ್ನು ಕೇಳಿದೆ: “ಹವಾಲ್ದಾರ ಅಂತನೂ ಬರಸ್ತೀರೇನು?”

“ಬರಸ್ತೀವ್ರಿ.”

ನೀನು ಕೈ ಚಾಚಿದೆ, ಅವನು ಹಿಡಿದು ಎಬ್ಬಿಸಿದ. ನೀನು ಎದ್ದದ್ದೇ ತಡ, ಊರೂ ಎದ್ದಿತು. ಚಪ್ಪಾಳೆ ಬಿತ್ತು. ಸ್ವಲ್ಪ ಹೊತ್ತಿನಲ್ಲೇ ಲಾರಿಗಳು ಹೊರಟವು. ನಮ್ಮ ಮನೆಯಲ್ಲಿ ಇದನ್ನು ಬಹಳ ಕಾಲ ಹೆಮ್ಮೆಯಿಂದ ಹೇಳಿಕೊಂಡು ಬಂದರು. ನಾನು ಆ ಚಿತ್ರ ನೋಡಿದ ದಿನ ಉಣ್ಣಲಿಲ್ಲ.

ಮುಂದಿನದನ್ನು ಕೇಳು. ಬೋರ್ಡಿನಲ್ಲಿ ಹವಾಲ್ದಾರ ಎಂಬ ಮಾತು ಮೊದಲು ಬಣ್ಣ ಕಳೆದುಕೊಂಡಿತು, ಆಮೇಲೆ ಬೋರ್ಡೇ ಬಿತ್ತು. ಹೆಸರು ಬೀಳಲಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಸಾರುಪೆಟ್ಟಿಗೆ ಇರುತ್ತದೆ, ಮಳೆ, ನೀರಿನ ಸರದಿ, ರಸ್ತೆಯ ಸುದ್ದಿ ಹೇಳುವ ಪೆಟ್ಟಿಗೆ. ಅದು ಒಂದೇ ಧ್ವನಿಯಲ್ಲಿ ಹೇಳುತ್ತದೆ: “ಅಡಿವೆಪ್ಪದಲ್ಲಿ ಒಬ್ಬರು. ಸಂಚಾರಕ್ಕೆ ತೊಂದರೆ ಇಲ್ಲ.” ಒಬ್ಬರು ಎಂದರೆ ಸತ್ತವರು. ಮಗ ಹೋದ ತಾಯಿ “ಅಡಿವೆಪ್ಪ ತಿಂದ” ಎಂದು ಎದೆ ಬಡಿದುಕೊಳ್ಳುತ್ತಾಳೆ. ಉಣ್ಣದ ಮಗುವಿಗೆ “ಉಣ್ತೀಯೋ, ಅಡಿವೆಪ್ಪಗ ಕೊಡ್ಲೋ” ಎನ್ನುತ್ತಾರೆ. ಹೆಗಲ ಮೇಲೆ ಮಕ್ಕಳನ್ನು ಹೊತ್ತು ದಾಟಿಸಿದವನು ಈಗ ಮಕ್ಕಳನ್ನು ತಿನ್ನುವವನು. ಕೆಳದಾರಿಗೆ ನಾವು ಅರ್ಜಿ ಹಾಕದ ವರ್ಷವಿಲ್ಲ. ಹಿರಿಯರ ಹೆಸರು ಹೊತ್ತ ರಸ್ತೆಗಳಿಗೆಲ್ಲ ಆಮೇಲೊಂದು ಕಾಯ್ದೆ ಬಂತು. ಅವು ಗೌರವದ ಭಾಗಗಳು, ಅಗೆಯುವಂತಿಲ್ಲ. ಪಕ್ಕದೂರಿನ ಹೆಸರಿಲ್ಲದ ರಸ್ತೆಗೆ ಯಾವಾಗಲೋ ಕೆಳದಾರಿ ಆಯಿತು. ಅಲ್ಲಿಯ ಮಕ್ಕಳು ಹಾಡುತ್ತಾ ಶಾಲೆಗೆ ಹೋಗುತ್ತವೆ.

ತೀರಿಕೊಂಡ ಹಿರಿಯರ ಹೆಸರು ಮೊಮ್ಮಕ್ಕಳ ತೊಟ್ಟಿಲಿಗೆ ತಿರುಗಿ ಬರಬೇಕು, ಇದು ನೀನೇ ಪಾಲಿಸಿದ ಪದ್ಧತಿ. ನಿನ್ನ ಮೊಮ್ಮಗನಿಗೆ ಆ ಹೆಸರಿಟ್ಟಿರಿ. ಶಾಲೆಯಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ದೊಡ್ಡವನಾದ ಕೂಡಲೇ ಅವನು ಹೆಸರು ಬದಲಿಸಿಕೊಂಡ. ಆಮೇಲೆ ಯಾವ ತೊಟ್ಟಿಲಿಗೂ ಅದು ಬರಲಿಲ್ಲ. ಈಗ ನನಗೆ ಮೊಮ್ಮಗ ಹುಟ್ಟಿದ್ದಾನೆ. ನಾಳೆ ತೊಟ್ಟಿಲು. ಸೋದರತ್ತೆ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು, ಹಿಂದೆ ನಿಂತವರು ಅವಳ ಬೆನ್ನಿಗೆ ಗುದ್ದಬೇಕು, ಇದೆಲ್ಲ ಇನ್ನೂ ಹಾಗೇ ಇದೆ. ನಾನು ಅಡಿವೆಪ್ಪ ಎಂದೆ. ಸೊಸೆ ಬಂಗಾರೆವ್ವ ಕೂಸನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು.

“ಅತ್ತಿ, ನನ್ನ ತಮ್ಮನ್ನ ತಿಂದ ಹೆಸರದು. ಅದನ್ನ ಇದರ ಕಿವ್ಯಾಗ ಊದಬ್ಯಾಡ್ರಿ.”

ಈ ಮನೆಯಲ್ಲಿ ನನಗೆ ಎದುರಾಡಿದವರಿಲ್ಲ. ಅವಳೇ ಮೊದಲು. ಒಳಗೆ ಹೋಗಿ ಈ ಓಲೆ ಬರೆಯಲು ಕೂತೆ.

ನಿನಗೆ ಗಂಡನ ಹೆಸರು ಉಳಿಯಬೇಕಿತ್ತು, ಗೊತ್ತು. ನನಗೂ ಅದೇ ಬೇಕು. ಆದರೆ ಅದಕ್ಕೆ ರಸ್ತೆ ಬೇಕಿಲ್ಲ, ಇಲ್ಲಿ ತೊಟ್ಟಿಲಿದೆ. ಸಾಹೇಬ ಬಂದು ನಿನ್ನೆದುರು ಕೂತಾಗ ಹಾಲವ್ವನ ಬಾಯಿ ಮುಚ್ಚಿಸಬೇಡ, ಅವಳನ್ನು ಮುಂದೆ ಕರೆದು ನಿನ್ನ ಪಕ್ಕ ಕೂರಿಸಿಕೋ. ಬೋರ್ಡು ಹೊಳೆಯುತ್ತದೆ ಎಂದವರಿಗೆ ಉತ್ತರ ಕೊಡಬೇಡ. ಬಿಸಿಲಿಗೆ ಡಾಂಬರು ಸುಡುತ್ತದೆ, ನನಗೆ ಗೊತ್ತು, ದಿನಾ ಅದರ ಮೇಲೆ ಕಾಲೂರುವವಳು ನಾನು. ಸುಡಲಿ. ಅಗೆಯುವ ಯಂತ್ರ ಬಂದು ಮೊದಲ ಬುಟ್ಟಿ ಮಣ್ಣು ತೆಗೆಯುವವರೆಗೆ ಯಾರ ಕೈಯನ್ನೂ ಹಿಡಿಯಬೇಡ.

ಏಳಬೇಡ, ಸಾವಂತ್ರೆವ್ವ. ಕೂತಿರು.

ನಿನ್ನ ಮನೆಯ
ನಿಂಬೆವ್ವ