ಕೋಟಿನ ಜೇಬಿನಲ್ಲಿ ಉಳಿದ ಭಾಷಣ

ವಿಯೆನ್ನಾ
14 ನವೆಂಬರ್ 1926

ಪ್ರೀತಿಯ ಆಡೆಲ್ ಅಕ್ಕನಿಗೆ,

ನೀನು ಕಳಿಸಿದ ಪ್ಲಮ್ ಮುರಬ್ಬ ಬಂದು ಡಬ್ಬಿ ಖಾಲಿಯೂ ಆಯಿತು, ನಾನು ಮಾತ್ರ ಒಂದು ಸಾಲು ಬರೆಯಲಿಲ್ಲ. ಬೈಯುವುದಾದರೆ ಪೂರ್ತಿ ಓದಿ ಆಮೇಲೆ ಬೈ. ಮನೆಯಲ್ಲಿ ನಮ್ಮವರ ಭಾಷಣದ್ದೇ ಚಿಂತೆಯಾಗಿತ್ತು. ಕಳೆದ ವರ್ಷ ಗ್ರಾಜ್‌ನಲ್ಲಿ ವೇದಿಕೆಯ ಮೇಲೆ ಬಾಯಿ ಕಟ್ಟಿ ಇಳಿದು ಬಂದ ಮೇಲೆ ಒಟೊಕಾರ್ ಅವರು ಕಾಫಿಹೌಸಿಗೂ ಹೋಗುತ್ತಿರಲಿಲ್ಲ. ಈ ಸಲವೂ ಹಾಗಾದರೆ ಬರೆಯುವುದನ್ನೇ ಬಿಡುತ್ತೇನೆ ಎಂದು ಹಟ ಹಿಡಿದು ಕೂತಿದ್ದರು.

ಅಬ್ಬಾ, ಮುಗಿಯಿತಕ್ಕಾ! ನಿನ್ನೆ ಗೆದ್ದುಬಿಟ್ಟರು!

ಆದದ್ದು ಕೇಳು. ಸಭಾಂಗಣದ ಬಾಗಿಲಲ್ಲಿ ಎಲ್ಲರಂತೆ ಕೋಟು ಬಿಚ್ಚಿ ಕೊಟ್ಟರು. ಬರೆದ ಭಾಷಣ ಅದರ ಜೇಬಿನಲ್ಲೇ! ವಾಪಸು ಕೇಳೋಣವೆಂದರೆ ಕೋಟಿನ ಗುರುತಿಗೆ ಕೊಟ್ಟಿದ್ದ ನಂಬರ್ ಬಿಲ್ಲೆಯೂ ನಾಪತ್ತೆ. ಕೋಟು ಕಾಯುವಾಕೆ ಜಪ್ಪಯ್ಯ ಅಂದರೂ ಕೊಡಲಿಲ್ಲ.

"ಸಾಹೇಬ್ರೇ, ಇಲ್ಲಿ ನೇತಾಡ್ತಿರೋದೆಲ್ಲಾ ಕರೀ ಕೋಟೇ. ಬಿಲ್ಲೆ ಇಲ್ಲ ಅಂದ್ರೆ ಎಲ್ಲರೂ ಹೋದ್ಮೇಲೆ ಉಳಿದಿದ್ದು ನಿಮ್ದು."

"ಅಮ್ಮಾ, ಇವತ್ತು ಭಾಷಣ ಮಾಡೋನೇ ನಾನು!"

"ಹೋದ ವಾರ ಬಂದೋರೂ ಹಂಗೇ ಅಂದ್ರು, ಕೊಟ್ಟೆ. ಯಾರದೋ ಕೋಟು ಹಾಕ್ಕೊಂಡು ಹೋಗ್ಬಿಟ್ರು!"

ಬರಿಗೈಯಲ್ಲೇ ವೇದಿಕೆ ಹತ್ತಿದರು. ನನ್ನ ಜೀವ ಬಾಯಿಗೆ ಬಂದಿತ್ತು. ಇವರು ಊಟದ ಮೇಜಿನಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಶುರು ಮಾಡಿದರು. ಭಾಷಣದ ವಿಷಯ 'ಯುರೋಪಿನ ಆತ್ಮ' ಎಂದು ಗೋಡೆಗೆಲ್ಲ ಅಂಟಿಸಿದ್ದರು. ಆತ್ಮದ ಸುದ್ದಿಯೇ ಇಲ್ಲ. ಮಗನನ್ನು ಯುದ್ಧದ ರೈಲಿಗೆ ಹತ್ತಿಸಲು ಹೋದ ಒಬ್ಬ ತಂದೆಯ ಕಥೆ ಹೇಳಿದರು. ಆಗ ಪತ್ರಿಕೆಗಳಲ್ಲಿ ಯುದ್ಧದ ಕಹಳೆ ಊದಿದ ಲೇಖಕರನ್ನೆಲ್ಲ, ತಮ್ಮನ್ನೂ ಸೇರಿಸಿ, ಚೆನ್ನಾಗಿ ಝಾಡಿಸಿದರು. ಒಬ್ಬರೂ ಕೆಮ್ಮಲಿಲ್ಲ.

ಗ್ರಾಜ್ ಸುದ್ದಿಯನ್ನು ಆಡಿಕೊಂಡು ಬರೆದ ವಿಮರ್ಶಕ ಜೆಲಿಂಕಾ ಇದ್ದಾನಲ್ಲ, ಅವನೇ ಬಂದು ಕೈಕುಲುಕಿದ. "ಹೋಗ್ರೀ, ಆ ಕೋಟಿನಮ್ಮನಿಗೆ ಕೈಮುಗಿದು ಬನ್ನಿ. ಇನ್ನು ಜನ್ಮದಲ್ಲಿ ಕಾಗದ ನೋಡಿ ಭಾಷಣ ಮಾಡಬೇಡಿ!" ಎಂದ. ಇವರು ನಕ್ಕರು. ಈಗ ಪಕ್ಕದ ಕೋಣೆಯಲ್ಲಿ ಸೀಟಿ ಹಾಕುತ್ತಾ ಗಡ್ಡ ಹೆರೆದುಕೊಳ್ಳುತ್ತಿದ್ದಾರೆ. ಈ ಮನೆಯಲ್ಲಿ ಸೀಟಿ ಕೇಳಿ ಎಷ್ಟು ಕಾಲವಾಗಿತ್ತು ಗೊತ್ತೇ? ನನಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿದೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಮಕ್ಕಳನ್ನು ದೇವರು ತಣ್ಣಗಿಟ್ಟಿರಲಿ, ಒಬ್ಬೊಬ್ಬರಿಗೂ ನನ್ನ ಹೆಸರಿನಲ್ಲಿ ಮುತ್ತು ಕೊಡು.

ನಿನ್ನ ತಂಗಿ,
ಹರ್ಮೀನ್

ತಾ.ಕ.: ಆ ತಂದೆ ಇವರೇ, ಆ ಮಗ ನಮ್ಮ ಎಮಿಲ್. ಅವನು ಯುದ್ಧದಲ್ಲಿ ತೀರಿಹೋದಾಗಿನಿಂದ ಮನೆಯಲ್ಲಿ ಇವರು ಅವನ ಹೆಸರೆತ್ತಿದವರಲ್ಲ. ಅವನು ದಂಡಿನ ಬಿಡಾರದಿಂದ ನೇರವಾಗಿ ರೈಲು ಹತ್ತಿದ ದಿನ, "ಅಮ್ಮ ಬಂದ್ರೆ ಅಳ್ತಾಳೆ, ಬರೋದು ಬೇಡ ಅಂದಿದಾನೆ" ಎಂದು ಹೇಳಿ ನನ್ನನ್ನು ಮನೆಯಲ್ಲೇ ಬಿಟ್ಟು ಇವರೊಬ್ಬರೇ ಹೋಗಿದ್ದರು. ಇಷ್ಟು ವರ್ಷ ನಾನು ಅದನ್ನೇ ನಂಬಿದ್ದೆ. ನಿನ್ನೆ ವೇದಿಕೆಯಿಂದ ಹೇಳಿದರು: ರೈಲು ಹೊರಡುವವರೆಗೂ ಆ ಹುಡುಗ ಕಿಟಕಿಯಿಂದ ಕೇಳುತ್ತಲೇ ಇದ್ದನಂತೆ, "ಅಪ್ಪಾ, ಅಮ್ಮ ಎಲ್ಲಿ? ಅಮ್ಮನ್ನ ಯಾಕೆ ಕರ್ಕೊಂಡು ಬರ್ಲಿಲ್ಲ?" ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನೂ ಎದ್ದು ನಿಂತು ತಟ್ಟಿದೆ, ಅಕ್ಕಾ.