ಅಕ್ಕಿಚೀಲದ ರೆಕ್ಕೆ

ಲೇ ವೆಂಕೋಬ,

ನಿನಗೆ ಕಳಿಸಿದ ಮೆಸೇಜೆಲ್ಲ ಒಂದೇ ಟಿಕ್ಕಿಗೆ ನಿಂತಿವೆ. ಹಾಗಾಗಿ ಇದನ್ನು ಕಳಿಸುವ ಗೋಜಿಗೇ ಹೋಗುವುದಿಲ್ಲ.

ಇವತ್ತು ಮೀನು ಹಿಡಿದು ಮತ್ತೆ ನೀರಿಗೇ ಬಿಡುವ ನಮ್ಮ ಆಟಕ್ಕೆ ದೇವಸುಗೂರಿನ ಹೊಳೆಗೆ ಹೋಗಿದ್ದೆ. ಮೀನನ್ನು ಮರುಳು ಮಾಡಲು ಗಾಳಕ್ಕೆ ಕಟ್ಟುವ ಹುಸಿ ನೊಣ, ಆ ತೇಲು ನೊಣಕ್ಕೆ ಪುಕ್ಕದ ರೆಕ್ಕೆಯೇ ಬೇಕು ಅಂತ ನಮ್ಮ ಗಾಳದವರ ವಾಟ್ಸಾಪ್ ಗ್ರೂಪಿನವರು ದಿನಾ ತಲೆ ತಿನ್ನುತ್ತಾರೆ. ಮೊಟ್ಟೆಯೂ ಒಳಗೆ ಬಾರದ ಮನೆಯಲ್ಲಿ ಕೋಳಿ ಪುಕ್ಕ ಎಲ್ಲಿಡಲಿ ಅಂದರೆ ನಗುವ ಇಮೋಜಿ ಹಾಕುತ್ತಾರೆ. ಅವ್ವನೇ ನಮ್ಮ ಮಿಲ್ಲಿನ ಪ್ಲಾಸ್ಟಿಕ್ ಅಕ್ಕಿಚೀಲದ ಎಳೆ ಬಿಚ್ಚಿ ಕೊಟ್ಟಳು. "ಇದನ್ನ ಕಟ್ಟಪಾ, ಮೈಲಿಗಿ ಇಲ್ಲ ಏನಿಲ್ಲ."

ಕಟ್ಟಿದೆ. ತೇಲಿತು, ಆದರೆ ಎಸೆದಾಗಲೆಲ್ಲ ಮಗ್ಗುಲಾಗಿ ಬಿತ್ತು. ದಾರವೆಲ್ಲ ತಿರುಚಿ ಗಂಟಾಯಿತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು, "ಯಪ್ಪಾ, ನಿನ್ನ ನೊಣಕ್ಕ ಜ್ವರ ಬಂದದೇನು? ಬರೇ ಮಲಗತದಲ್ಲ" ಅಂದಳು.

ಸಿಟ್ಟಿಗೆ, ನನ್ನ ಟೋಪಿಗೆ ಚುಚ್ಚಿದ್ದ ನೊಣ ತೆಗೆದು ಎಸೆದೆ. ನೀನು ಹುಂಜದ ಪುಕ್ಕದಲ್ಲಿ ಕಟ್ಟಿಕೊಟ್ಟಿದ್ದು. ರೆಕ್ಕೆ ಎತ್ತಿ ನೆಟ್ಟಗೆ ಕೂತಿತು. ಕೂಡಲೇ ಒಂದು ಮೀನು ಮೇಲೆದ್ದು ಅದರ ಹತ್ತಿರಕ್ಕೇ ಬಂತು.

ನಾನು ದಾರ ಎಳೆದುಕೊಂಡುಬಿಟ್ಟೆ. ಅದು ಕಚ್ಚಿ ಹರಿದುಕೊಂಡು ಹೋದರೆ ಇನ್ನೊಂದನ್ನು ಯಾರು ಕಟ್ಟಿಕೊಡಬೇಕು?

ನೀನು ಕೊನೆಯ ಸಲ ನಮ್ಮ ಮನೆಗೆ ಬಂದಾಗ "ಆ ಪುಕ್ಕದ ಡಬ್ಬಿ ಹೊರಗಿಡಪಾ" ಅಂತ ಅವ್ವ ಅಂದದ್ದು ಬರೀ ಡಬ್ಬಿಗೆ, ನಿನಗಲ್ಲ. ನೀನು ಡಬ್ಬಿ ಎತ್ತಿಕೊಂಡು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ. ನಾನು ತಲೆ ಎತ್ತದೆ ಗ್ರೂಪಿನಲ್ಲಿ ಯಾರಿಗೋ ರಿಪ್ಲೈ ಹಾಕುತ್ತಿದ್ದೆ.

ನೊಣ ಮತ್ತೆ ಟೋಪಿಯಲ್ಲಿದೆ. ಇಷ್ಟು ದಿನ ಹೊರಗೆ ಕಟ್ಟೆಯ ಮೇಲಿಡುತ್ತಿದ್ದ ಟೋಪಿಯನ್ನು ಇವತ್ತು ದೇವರಮನೆಯ ಪಕ್ಕದ ಮೊಳೆಗೆ ತೂಗುಹಾಕಿದ್ದೇನೆ. ಇದೇನು ಅಂತ ಅವ್ವ ಕೇಳಲಿ, ನೀನು ಕಟ್ಟಿದ್ದು ಅಂತ ಹೇಳುತ್ತೇನೆ.

ಚನ್ನವೀರ