ಪರ್ಮಿಟ್ ಆಫೀಸಿನಲ್ಲಿ ಸಿಕ್ಕ ಅಳಿಯ

ಅಕ್ಕಾ,

ಈ ದೇಶದಲ್ಲಿ ಸೂರ್ಯ ನನ್ನನ್ನು ಕೇಳದೆ ಹುಟ್ಟುವುದಿಲ್ಲ. ಹುಟ್ಟಿದವನು ಮೊದಲು ಸುಡುವುದು ಮಾತ್ರ ನನ್ನ ತಗಡಿನ ಕೋಣೆಯನ್ನೇ. ಓದುವುದಕ್ಕೆ ನೀನೇ ಇಲ್ಲವಾದ್ದರಿಂದ ಇದೊಂದು ಸಲ ನಿಜ ಬರೆಯುತ್ತಿದ್ದೇನೆ.

ನಿನ್ನ ಮಗಳ ಮದುವೆಗೆ ಊರಿಗೆ ಬರಬೇಕಾದರೆ ಈ ದೇಶ ಬಿಡುವ ಪರ್ಮಿಟ್ಟಿಗೆ ಸೀಲು ಬೀಳಬೇಕು. ಇವತ್ತು ಮತ್ತೆ ಆಫೀಸಿಗೆ ಹೋಗಿದ್ದೆ. ಫ್ಯಾನು ತಿರುಗದು, ಸಾಲು ಕರಗದು. ಕಿಟಕಿಯವಳ ಮಾತು ನನಗೆ ತಿಳಿಯದು, ನನ್ನದು ಅವಳಿಗೆ ತಿಳಿಯದು. "ಇವ್ರ ಮನೆ ಹಾಳಾಗ" ಎಂದು ಗೊಣಗಿದೆ. ಹಿಂದಿನಿಂದ ಒಬ್ಬ, "ಮಾವಾ, ಊಟ ಆಯ್ತಾ?" ಎಂದ.

ಅಕ್ಕಾ, ಕನ್ನಡ! ಇಲ್ಲಿಗೆ ಬಂದಮೇಲೆ ನನ್ನ ಊಟ ಕೇಳಿದವರೇ ಇರಲಿಲ್ಲ.

"ಸೆಕೇಲಿ ಯಾಕೆ ಸಾಯ್ತೀರಾ? ಒಳಗೆ ನಮ್ಮೋರಿದ್ದಾರೆ. ಸೀಲು, ಟಿಕೆಟ್ಟು ಎರಡೂ ಮಾಡಿಸ್ಕೊಡ್ತೀನಿ."

ಟಿಕೆಟ್ಟಿನ ದುಡ್ಡಿನ ಕವರು ಕೊಟ್ಟು, "ಹುಷಾರು ಕಣಪ್ಪಾ, ಕಳ್ಳರಿರ್ತಾರೆ" ಎಂದು ಅವನಿಗೇ ಬುದ್ಧಿ ಹೇಳಿದೆ.

ಆಫೀಸಿನ ಬಾಗಿಲು ಹಾಕಿದ ಮೇಲೂ ಮೆಟ್ಟಿಲ ಮೇಲೆ ಕೂತಿದ್ದೆ. ಅವನು ಬರಲಿಲ್ಲ.

ನಿನ್ನ ಮಗಳಿಗೆ ಫೋನು ಮಾಡಿ, "ನಾನು ರಜಾ ಹಾಕಿದ್ರೆ ಕಂಪನಿನೇ ನಿಂತೋಗುತ್ತೆ ಕಣವ್ವಾ" ಎಂದೆ. ನೀನು ಹೋದಾಗಲೂ ಅವಳಿಗೆ ಇದನ್ನೇ ಹೇಳಿದ್ದೆ. "ಆಯ್ತು ಮಾವ" ಎಂದು ಫೋನಿಟ್ಟಳು.

ಕೋಣೆಯಲ್ಲಿ ಜೊತೆಗಿರುವವರ ಮುಂದೆ, ಐದು ಸಾವಿರ ಹೋಯಿತು, ಪೀಡೆ ಕಳೆಯಿತು ಎಂದು ನಕ್ಕಿದ್ದೇನೆ. ಹೋದದ್ದು ಎಂಬತ್ತಾರು ಸಾವಿರ ಅಕ್ಕಾ, ಇದ್ದದ್ದೇ ಅಷ್ಟು.